ನಾಲ್ಕನೇ ಕಾಲಂ

ಯಾದಗಿರಿಯ ಸರಕಾರಿ ದವಾಖಾನೆಯಲ್ಲಿ
ಕಣ್ಣಿನ ವಿಭಾಗದ ಕಿಟಕಿ ನನ್ನದು.
ಮೊದಲ ಕಾಲಂ ಹೆಸರು, ಆಮೇಲೆ ವಯಸ್ಸು, ಊರು.
ನಾಲ್ಕನೆಯದು ತಕರಾರು. ಒಂದೂವರೆ ಇಂಚು ಅಗಲ.
ಒಂದು ಶಬ್ದ ಹಿಡಿಸುತ್ತದೆ,
ಸಣ್ಣಗೆ ಬರೆದರೆ ಎರಡು.

ವಡಗೇರಾದ ದ್ಯಾವಮ್ಮ ಅಂದಳು:
"ನಸುಕಿನ್ಯಾಗ ಎದ್ದಂಗೇ ಅದ ರೀ, ಹೊತ್ತು ಏರವಲ್ದು."
ಬರೆದೆ: ಮಬ್ಬು.
ಅವಳ ಹಿಂದೆ ಚಾಂದಬೀ: "ಧುಂದ್ಲಾ, ಧುಂದ್ಲಾ.
ಚಾ ಸೋಸೋ ಅರಿವಿ ಮಾರಿಗಿ ಕಟ್ಟಿದಂಗ."
ಬರೆದೆ: ಮಬ್ಬು.
ಗುರುಮಠಕಲ್ಲಿನ ಬುಗ್ಗಪ್ಪ ಅರ್ಧ ತೆಲುಗಿನವ,
'ಮಸಕ' ಎಂದು, ತಾನೇ ತಿದ್ದಿ 'ಮಸುಕು' ಎಂದು,
ಎರಡೂ ಸಾಲದೆ ಅಂಗೈಯನ್ನು ಗಾಳಿಯಲ್ಲಿ
ಗಾಜು ಒರೆಸುವವರ ಹಾಗೆ ಆಡಿಸಿದ.
ಒರೆಸಿದಷ್ಟೂ ಹೋಗುವುದಿಲ್ಲ ಅನ್ನುವುದು
ಅವನ ಬೆರಳಿನಲ್ಲೇ ಇತ್ತು.
ಅದಕ್ಕೂ ಮಬ್ಬೇ.

ಸಾಲು ಬಾಗಿಲು ದಾಟಿತ್ತು. ಪಂಖ ನಿಂತಿತ್ತು.

ಶಬ್ದಗಳೇನು ನಮಗೆ ಕಡಿಮೆಯೇ?
ಮುಸ್ಸಂಜೆ, ನಸುಗತ್ತಲು, ದೀಪ ಹಚ್ಚೋ ಹೊತ್ತು.
ಅವ್ವನದು ಇನ್ನೊಂದು ಇತ್ತು, ಅರ್ಧ ಗಳಿಗೆಯದ್ದು:
'ಮಾರಿ ಗುರ್ತು ಹತ್ತಲಾರದ ಹೊತ್ತು'.
ಆಗ ಭೀಮಾ ನದಿಯ ಕಡೆಯಿಂದ
ಮೊದಲು ಸಪ್ಪಳ ಬರುತ್ತಿತ್ತು, ಆಮೇಲೆ ಹಸಿ ಕೆಸರಿನ ವಾಸನೆ,
ಎಲ್ಲಾ ಆದ ಮೇಲೆ ಎಮ್ಮೆ.

ಆದರೆ ಇವು ಕಣ್ಣಿನಲ್ಲಿ ನಿಲ್ಲುವ ಶಬ್ದಗಳಲ್ಲ.
ಮಂಕು ಕವಿಯುವುದು ದೀಪಕ್ಕೆ, ಆಮೇಲೆ ದೀಪ ಹಚ್ಚಿದವಳಿಗೆ.
ಮಂದ ಅನ್ನುವುದು ಬೆಳಕಿಗೆ, ಮೊಸರಿಗೆ,
ಹಿಂದಿನ ಬೆಂಚಿನ ಹುಡುಗನಿಗೆ.
ಮಬ್ಬು ಇದ್ದದ್ದು ಮಬ್ಬ ಆಗಲಿಕ್ಕೆ
ಒಂದು ಕೊಂಬು ಮುರಿದರೆ ಸಾಕು.

ನನ್ನ ತಮ್ಮ ಮೋನಪ್ಪ
ಹಲಗೆಯ ಮೇಲಿನ ಎಂಟನ್ನು ಮೂರು ಅಂತ ಬರೆದುಕೊಂಡು
ಆ ಮೂರಕ್ಕೆ ಸರಿಯಾಗಿ ಲೆಕ್ಕ ಮಾಡುತ್ತಿದ್ದ.
"ಮಬ್ಬ" ಅಂದರು ಮಾಸ್ತರು.
ಓಣಿ ಅಂದಿತು. ಅಪ್ಪ ಅಂದ, ತಲೆ ಸವರುತ್ತಲೇ.
ನಾನೂ ಅಂದೆ, ದಿನಾ:
ಏ ಮಬ್ಬ, ಉಪ್ಪು ತಾ. ಏ ಮಬ್ಬ, ಬಾಗಿಲ ಹಾಕು.
ಓಗೊಡುತ್ತಿದ್ದ. ಅದೇ ಅವನ ಹೆಸರೇನೋ ಅನ್ನುವ ಹಾಗೆ.
ಏಳನೆಯದಕ್ಕೆ ಶಾಲೆ ಬಿಟ್ಟು
ದಾಲ್ ಮಿಲ್ಲಿನಲ್ಲಿ ತೊಗರಿ ಆರಿಸುತ್ತಿದ್ದ,
ಹರಳನ್ನು ಕಣ್ಣಿಂದಲ್ಲ, ಹೆಬ್ಬೆರಳಿಂದ.

ಈ ಕಿಟಕಿಗೆ ನಾನು ಬಂದ ಮೊದಲ ವಾರ
ಅವನನ್ನು ಕರೆತಂದು ಕೂಡ್ರಿಸಿದೆ.
ಎರಡೂ ಕಣ್ಣಿಗೆ ಮೈನಸ್ ಆರು.
ಇಪ್ಪತ್ತೆಂಟು ವರ್ಷದವನ ಮೂಗಿನ ಮೇಲೆ
ಮೊದಲ ಚಷ್ಮಾ.
ಗುಡ್ಡ ನೋಡಲಿಲ್ಲ, ಕೋಟೆ ನೋಡಲಿಲ್ಲ ಅವನು.
ನನ್ನ ಮುಖ ನೋಡಿದ, ಬಹಳ ಹೊತ್ತು:
"ಅಕ್ಕಾ, ಗದ್ದಕ ಹೊಲಿಗಿ ಬಿದ್ದದಲ್ಲ. ಯಾವಾಗ?"
ಒಂಬತ್ತು ವರ್ಷದವನಿದ್ದಾಗ ನೀನೇ ದೂಡಿದ್ದು,
ಹುಣಸೆ ಗಿಡದ ಕಟ್ಟೆಯಿಂದ.
ಹೇಳಲಿಲ್ಲ. "ಹಳೇದು" ಅಂದೆ.

ಚಷ್ಮಾ ಬಂದ ಮೇಲೂ ಚಿಲ್ಲರೆ ಎಣಿಸುವಾಗ
ತಡವರಿಸುತ್ತಾನೆ, ನನ್ನ ಕಡೆ ನೋಡುತ್ತಾನೆ.
ಶಬ್ದಕ್ಕೆ ನಂಬರ್ ತೆಗೆಯುವ ಮಷೀನು
ಇಲ್ಲಿಗೆ ಬಂದಿಲ್ಲ.

ಇವತ್ತು ಮೂರರ ಸುಮಾರಿಗೆ ಕರೆಂಟು ಹೋಯಿತು.
ನನಗೂ ಜೊಂಪು. ಅಕ್ಷರ ಒಂದರ ಮೇಲೊಂದು ಹತ್ತುತ್ತಿದ್ದವು.
ಕಡೆಯವಳು ತಾಂಡಾದ ಸೋಮ್ಲಿಬಾಯಿ,
ಮುಖ ಕಿಟಕಿಯ ಸರಳಿಗೆ ತಾಗಿಸಿ ಕೇಳಿದಳು:
"ನೀ ಹೆಣ್ಣೋ ಗಂಡೋ, ಮೊದ್ಲ ಮಾತಾಡು. ಆಮ್ಯಾಲ ಹೇಳ್ತೀನಿ."
ನಾನು ಮಾತಾಡಿದೆ.
ನಾಲ್ಕನೇ ಕಾಲಂ ದಾಟಿ, ಐದನೆಯದನ್ನೂ ತುಳಿದು,
ಸಹಿಯ ಜಾಗದವರೆಗೆ ಬರೆದೆ:
ಮಾರಿ ಗುರ್ತು ಹತ್ತಲಾರದ ಹೊತ್ತು, ದಿನವಿಡೀ.

"ಇದೇನ್ರೀ, ಕತಿ ಬರ್ದೀರಿ?" ಅಂದರು ಡಾಕ್ಟರು.
ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು
ಮೇಲೆ ಒಂದೇ ಶಬ್ದ ಗೀಚಿದರು.
ಅವಸರ. ಕೊಂಬು ಬಿಟ್ಟುಹೋಗಿತ್ತು.

ಕರೆಂಟು ಬರಲಿ ಎಂದು ಕಾಯಲಿಲ್ಲ.
ನೀಲಿ ಶಾಯಿಯಲ್ಲಿ
ನಾನೇ ಹಚ್ಚಿದೆ.